ಕೈ ಜಿಪಿಎಸ್‌ನ ಪದಗಳು: ವೇಪಾಯಿಂಟ್, ಟ್ರ್ಯಾಕ್, ಬೇರಿಂಗ್‌ಗಳನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು?

ಮಾನ್ಯರೇ,

ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳ ಊರುಗಳಲ್ಲಿ ಶಾಸನ, ವೀರಗಲ್ಲು, ಹಾಳುಬಿದ್ದ ಬಾವಿ ಮೊದಲಾದವುಗಳನ್ನು ದಾಖಲಿಸಲು ಹೊರಡುವ ವಿದ್ಯಾರ್ಥಿಗಳಿಗಾಗಿ ನಾನೊಂದು ಚಿಕ್ಕ ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇನೆ. ಅಂಗೈಯಲ್ಲಿ ಹಿಡಿಯುವ ಜಿಪಿಎಸ್ ಸಾಧನವನ್ನು ಬಳಸಿ ಒಮ್ಮೆ ಗುರುತಿಸಿದ ಜಾಗಕ್ಕೆ ಮತ್ತೆ ಹೋಗುವುದು ಹೇಗೆ ಎಂಬುದನ್ನು ಅದರ ಒಂದು ಅಧ್ಯಾಯ ವಿವರಿಸುತ್ತದೆ. ಮೊಬೈಲ್ ಇರುವಾಗ ಬೇರೆ ಸಾಧನವೇಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ನೆಟ್‌ವರ್ಕ್ ಸಿಗದ ಕಡೆ ಮೊಬೈಲಿನ ಜಿಪಿಎಸ್ ಕೂಡ ಕೆಲಸ ಮಾಡುತ್ತದೆಯಾದರೂ, ಮೊದಲೇ ಇಳಿಸಿಕೊಂಡಿರದಿದ್ದರೆ ನಕಾಶೆ ತೆರೆದುಕೊಳ್ಳುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಅದರ ಪರದೆ ಕಾಣುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಚಾರ್ಜ್ ಮುಗಿದಿರುತ್ತದೆ. ಕೈ ಜಿಪಿಎಸ್‌ಗಳಲ್ಲಿ ಹಲವು ಎರಡು ಸಾಮಾನ್ಯ ಪೆನ್ಸಿಲ್ ಸೆಲ್ಲುಗಳಿಂದ ನಡೆಯುತ್ತವೆ, ಅವು ಊರಿನ ಕಿರಾಣಿ ಅಂಗಡಿಯಲ್ಲಿಯೂ ಸಿಗುತ್ತವೆ. ಸಾಧನದ ಪರದೆಯ ಮೇಲಿನ ಪದಗಳು ಇಂಗ್ಲಿಷಿನವು. ಅವುಗಳನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಪದ ತಿಳಿದು ಅದರ ಅರ್ಥ ತಿಳಿಯದಿದ್ದರೆ ಹೊಲದಲ್ಲಿ ನಿಂತವರಿಗೆ ಅದರಿಂದ ಉಪಯೋಗವಿಲ್ಲ. ಆದ್ದರಿಂದ ಈ ಚರ್ಚೆಯನ್ನು ತಮ್ಮ ಮುಂದಿಡುತ್ತಿದ್ದೇನೆ.

ಮೊದಲ ತೊಡಕು ಸಾಧನದ ವರ್ಣನೆಯಲ್ಲಿಯೇ ಇದೆ. ಕನ್ನಡದ ಬರಹಗಳಲ್ಲಿ ಜಿಪಿಎಸ್ ಎಂದರೆ 'ದಾರಿ ತೋರಿಸುವ ಯಂತ್ರ' ಎಂಬ ವಿವರಣೆ ರೂಢಿಯಾಗಿದೆ. ಕಾರಿನಲ್ಲಿ ಕುಳಿತು ಹೆದ್ದಾರಿಯ ತಿರುವುಗಳನ್ನು ಕೇಳಿಸಿಕೊಳ್ಳುವವರಿಗೆ ಇದು ಸರಿಹೋಗಬಹುದು, ಏಕೆಂದರೆ ಅಲ್ಲಿ ರಸ್ತೆಗಳ ನಕಾಶೆಯನ್ನು ಮೊದಲೇ ತುಂಬಿಟ್ಟಿರುತ್ತಾರೆ. ಸರಳವಾದ ಕೈ ಜಿಪಿಎಸ್‌ಗೆ ದಾರಿಯೆಂಬುದೇ ಗೊತ್ತಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತಗಳನ್ನು ಹಿಡಿದು, ಅವು ತಲುಪಲು ತೆಗೆದುಕೊಂಡ ಕಾಲದಿಂದ ದೂರಗಳನ್ನು ಲೆಕ್ಕಹಾಕಿ, ತಾನು ಭೂಮಿಯ ಮೇಲೆ ಎಲ್ಲಿದ್ದೇನೆ ಎಂಬುದನ್ನು ಅದು ಹೇಳುತ್ತದೆ. ನಾವು ಹಿಂದೆ ಉಳಿಸಿಟ್ಟ ಜಾಗ ಯಾವ ದಿಕ್ಕಿನಲ್ಲಿ, ಎಷ್ಟು ದೂರದಲ್ಲಿದೆ ಎಂಬುದನ್ನೂ ಹೇಳುತ್ತದೆ. ನಡುವೆ ಭೀಮಾ ನದಿ ಹರಿಯುತ್ತಿದ್ದರೂ ಅದರ ಬಾಣ ಆಚೆಯ ದಂಡೆಯನ್ನೇ ತೋರಿಸುತ್ತದೆ. ಅರ್ಧ ಕಿಲೋಮೀಟರ್ ಎಂದು ಅದು ಹೇಳಿದ ಜಾಗಕ್ಕೆ ಸೇತುವೆ ಹುಡುಕಿಕೊಂಡು ಹೋಗಲು ಅರ್ಧ ದಿನ ಬೇಕಾದೀತು. ಹೀಗಿರುವಾಗ 'ದಾರಿ' ಎಂಬ ಪದವನ್ನು ಈ ಸಾಧನದ ಬಹುಪಾಲು ಪದಗಳಿಂದ ದೂರವಿಡಬೇಕು ಎಂಬುದು ನನ್ನ ನಿಲುವು. ಅದು ಸಲ್ಲುವ ಒಂದೇ ಒಂದು ಕಡೆ ಮುಂದೆ ಬರುತ್ತದೆ.

ಈಗ ವೇಪಾಯಿಂಟ್ ಎಂಬ ಪದವನ್ನು ನೋಡೋಣ. ನೇರ ಅನುವಾದಕ್ಕೆ ಹೊರಟವರು ಇದನ್ನು 'ಮಾರ್ಗಬಿಂದು' ಎನ್ನುತ್ತಾರೆ. ಪ್ರಯಾಣದ ನಡುವೆ ಹಾದುಹೋಗುವ ತಾಣಗಳಿಗೆ ಈ ಮಾತು ಒಪ್ಪುತ್ತದೆ. ಆದರೆ ಕೈ ಜಿಪಿಎಸ್‌ನಲ್ಲಿ ವೇಪಾಯಿಂಟ್ ಎಂದರೆ ಅಕ್ಷಾಂಶ, ರೇಖಾಂಶಗಳ ಜೊತೆಗೆ ಹೆಸರು ಕೊಟ್ಟು ಉಳಿಸಿದ ಯಾವುದೇ ಜಾಗ. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದ ಜನ ಸಾಲುಸಾಲಾಗಿ ಇಟ್ಟ ಗುಂಡುಗಲ್ಲುಗಳಿವೆಯಷ್ಟೆ. ಅವುಗಳಲ್ಲಿ ಮೂಲೆಯ ಕಲ್ಲುಗಳನ್ನು ಒಬ್ಬ ವಿದ್ಯಾರ್ಥಿ ಉಳಿಸಿಕೊಂಡರೆ ಆ ಬಿಂದುಗಳು ಯಾವ ಮಾರ್ಗದ ಮೇಲೂ ಇರುವುದಿಲ್ಲ.

'ನೆಲೆ' ಎಂಬ ಚೆಂದದ ಪದವೊಂದು ಕೈಗೆ ಸಿಗುತ್ತದೆಯಾದರೂ ನಮ್ಮ ಕೆಲಸಕ್ಕೆ ಅದು ಒದಗುವುದಿಲ್ಲ, ಏಕೆಂದರೆ ಪುರಾತತ್ವದ ಕನ್ನಡದಲ್ಲಿ ಅದಕ್ಕೆ ಈಗಾಗಲೇ ಖಚಿತವಾದ ಅರ್ಥವಿದೆ. ಹುಣಸಗಿ ಕಣಿವೆಯ ಇಸಾಂಪುರವನ್ನು ನಾವು ಆದಿಶಿಲಾಯುಗದ ನೆಲೆ ಎನ್ನುತ್ತೇವೆ. ಅಂಥ ಒಂದು ನೆಲೆಯೊಳಗೆ ಹತ್ತಾರು ವೇಪಾಯಿಂಟ್‌ಗಳು ಇರಬಹುದು. ಎರಡಕ್ಕೂ ಒಂದೇ ಪದವಾದರೆ ದಾಖಲೆಯೇ ಕಲಸಿಹೋಗುತ್ತದೆ. 'ಗುರುತು' ಎಲ್ಲರಿಗೂ ತಿಳಿಯುವ ಪದ, ಆದರೆ ಸಾಧನದಲ್ಲಿ ಪ್ರತಿ ವೇಪಾಯಿಂಟ್‌ಗೆ ಬಾವುಟ, ಮನೆ, ಗುಡಾರ ಎಂದು ಸಣ್ಣ ಚಿತ್ರವೊಂದನ್ನು ಆರಿಸಬೇಕಾಗುತ್ತದೆ. ಆ ಚಿತ್ರವನ್ನೂ ಗುರುತು ಎನ್ನದೆ ಬೇರೆ ದಾರಿಯಿಲ್ಲ. 'ಗುರುತಿನ ಗುರುತನ್ನು ಬದಲಿಸಿ' ಎಂಬ ಸೂಚನೆಯನ್ನು ಓದಿ ಯಾರೂ ಮುಂದುವರಿಯಲಾರರು.

ನಮ್ಮ ಭಾಗದ ಆಡುಮಾತಿನಲ್ಲಿ ಇನ್ನೂ ಎರಡು ಪದಗಳು ಬಳಕೆಯಲ್ಲಿವೆ. ಒಂದು 'ನಿಶಾನಿ'. ಉರ್ದುವಿನಿಂದ ಬಂದು ಇಲ್ಲಿ ಪೂರ್ತಿ ಒಗ್ಗಿಹೋಗಿದೆ. ಮೈಸೂರು ಕಡೆಯ ಓದುಗರಿಗೆ ನಿಶಾನೆ ಎಂದೊಡನೆ ದಸರೆಯ ಮೆರವಣಿಗೆಯಲ್ಲಿ ಬಾವುಟ ಹೊತ್ತ ಆನೆ ನೆನಪಾಗುವುದರಿಂದ ಅವರಿಗೆ ಸ್ವಲ್ಪ ಗೊಂದಲವಾದೀತು. ಇನ್ನೊಂದು ಮರಾಠಿಯ ನಂಟಿನ 'ಖೂನ'. 'ಖೂನಕ್ಕ ಒಂದು ಕಲ್ಲು ಇಟ್ಟೀನ್ರಿ' ಎಂದು ರೈತರು ಹೇಳುವಾಗ, ಮತ್ತೆ ಬಂದು ಹುಡುಕಲೆಂದೇ ಬೇಕೆಂದು ಬಿಟ್ಟ ಗುರುತು ಎಂಬ ಅರ್ಥ ಅದರಲ್ಲಿದೆ. 'ಖೂನ ಹಿಡಿ' ಎಂದರೆ ಹಿಂದೆ ಕಂಡದ್ದನ್ನು ಈಗ ಕಂಡು ಇದೇ ಅದು ಎಂದು ತಿಳಿಯುವುದು. ಇಡುವುದು, ಮರಳಿ ಬಂದು ಕಂಡುಹಿಡಿಯುವುದು ಎಂಬ ಎರಡೂ ಕ್ರಿಯೆಗಳನ್ನು ಒಂದೇ ಪದ ಹೊತ್ತಿರುವುದರಿಂದ ಈ ಸಾಧನದ ಉದ್ದೇಶಕ್ಕೆ ಇದರಷ್ಟು ಹತ್ತಿರದ ಪದ ನನಗೆ ಬೇರೆ ಕಾಣುತ್ತಿಲ್ಲ. 'ಖೂನದ ಜಾಗ' ಎಂದು ಬರೆದರೆ ವೇಪಾಯಿಂಟ್‌ನ ಅರ್ಥ ಪೂರ್ತಿಯಾಗಿ ಬಂದಂತಾಗುತ್ತದೆ, 'ಗುರುತು' ಎಂಬುದನ್ನು ಚಿತ್ರಕ್ಕೆ ಬಿಟ್ಟುಕೊಡಬಹುದು. ದಕ್ಷಿಣದ ಕೆಲವರಿಗೆ 'ಖೂನಿ' ಎಂಬ ಪದ ನೆನಪಾಗಿ ಬೆಚ್ಚಿಬೀಳುವ ಸಂಭವವಿದೆ ಎಂಬುದನ್ನೂ ಬಲ್ಲೆ.

'ಬಾಂದು' ಎಂಬ ಸಲಹೆಯೂ ಬಂದಿತ್ತು. ಭೂಮಾಪನದಲ್ಲಿ ಇದು ಪಳಗಿದ ಪದ. ಹದ್ದುಬಸ್ತು ಅಳತೆಯಲ್ಲಿ ಬಾಂದುಗಲ್ಲು ನೆಡುವುದನ್ನು ಎಲ್ಲರೂ ಕಂಡಿದ್ದಾರೆ. ಆದರೆ ಅದು ಗಡಿಯ ಪದ. ಕೈಯಲ್ಲೊಂದು ಯಂತ್ರ ಹಿಡಿದ ಅಪರಿಚಿತರು ಹೊಲದ ನಡುವೆ ನಿಂತು 'ಇಲ್ಲೊಂದು ಬಾಂದು ಹಾಕು' ಎಂದು ಮಾತಾಡಿಕೊಂಡರೆ ಆ ಹೊಲದವರು ಮಾತ್ರವಲ್ಲ, ಅಕ್ಕಪಕ್ಕದ ಹೊಲದವರೂ ಓಡಿ ಬರುತ್ತಾರೆ. ಈ ಪದವನ್ನು ಕೈಪಿಡಿಯಿಂದ ಹೊರಗಿಟ್ಟಿದ್ದೇನೆ.

ಎರಡನೆಯ ಜೋಡಿ ಗೋ ಟು ಮತ್ತು ಟ್ರ್ಯಾಕ್‌ಬ್ಯಾಕ್. ಎರಡನ್ನೂ 'ಹಿಂದಿರುಗು' ಎಂದು ಅನುವಾದಿಸಿದ್ದನ್ನು ಕಂಡಿದ್ದೇನೆ. ಅಪಾಯವಿರುವುದು ಇಲ್ಲಿಯೇ. ಗೋ ಟು ಒತ್ತಿದರೆ ಬಾಣವು ಖೂನದ ಜಾಗಕ್ಕೆ ನೇರ ಗೆರೆ ಎಳೆಯುತ್ತದೆ. ನಡುವೆ ಹಳ್ಳವಿರಲಿ, ನಾಲೆಯಿರಲಿ, ಆಳೆತ್ತರ ಬೆಳೆದು ನಿಂತ ತೊಗರಿಯಿರಲಿ, ಅದಕ್ಕೆ ಲೆಕ್ಕವಿಲ್ಲ. ಟ್ರ್ಯಾಕ್ ಎಂಬುದು ಬೇರೆ. ನಾವು ನಡೆಯುತ್ತಿರುವಾಗ ಸಾಧನವು ಇಷ್ಟು ಸೆಕೆಂಡಿಗೊಮ್ಮೆ ಅಥವಾ ಇಷ್ಟು ಮೀಟರಿಗೊಮ್ಮೆ ತಾನೇ ಒಂದೊಂದು ಬಿಂದುವನ್ನು ಬರೆದಿಟ್ಟುಕೊಳ್ಳುತ್ತದೆ. ಟ್ರ್ಯಾಕ್‌ಬ್ಯಾಕ್ ಒತ್ತಿದರೆ ಆ ಬಿಂದುಗಳನ್ನು ಹಿಂದುಮುಂದಾಗಿ ಹಿಡಿದು, ಬದುವಿನ ಮೇಲೆ ಬಂದಿದ್ದರೆ ಬದುವಿನ ಮೇಲೆಯೇ, ಹಳ್ಳವನ್ನು ಎಲ್ಲಿ ದಾಟಿದ್ದೆವೋ ಅಲ್ಲಿಯೇ ನಮ್ಮನ್ನು ಕರೆತರುತ್ತದೆ. ಕತ್ತಲಾದ ಮೇಲೆ ಸನ್ನತಿಯ ನದೀತೀರದಿಂದ ಜೀಪು ನಿಲ್ಲಿಸಿದ ಕಡೆಗೆ ಬರಬೇಕಾದವರು ಯಾವುದನ್ನು ಒತ್ತಬೇಕು ಎಂಬುದು ಪದದಿಂದಲೇ ತಿಳಿಯಬೇಕು.

ಟ್ರ್ಯಾಕ್‌ಗೆ 'ಜಾಡು' ಎಂಬುದನ್ನು ನಾನು ಸಂಕೋಚವಿಲ್ಲದೆ ಬಳಸುತ್ತಿದ್ದೇನೆ. ಜಾಡು ನಡೆದ ಮೇಲೆ ಉಂಟಾಗುವಂಥದ್ದು, ಮೊದಲೇ ಇರುವಂಥದ್ದಲ್ಲ. ಟ್ರ್ಯಾಕ್ ಕೂಡ ಹಾಗೆಯೇ. ಮುಂಚಿತವಾಗಿ ಬಿಂದುಗಳನ್ನು ಜೋಡಿಸಿ ಯೋಜಿಸಿದ ರೂಟ್ ಎಂಬುದಕ್ಕೆ ಮಾತ್ರ 'ದಾರಿ' ಅಥವಾ 'ಮಾರ್ಗ' ಎನ್ನಬಹುದು, ಆಗ 'ಮಾರ್ಗಬಿಂದು'ವಿಗೂ ಅಲ್ಲೊಂದು ಸ್ಥಾನ ದೊರೆಯುತ್ತದೆ. ಟ್ರ್ಯಾಕ್‌ಬ್ಯಾಕ್ 'ಜಾಡು ಹಿಡಿದು ವಾಪಸ್' ಎಂದಾಗಲಿ, ಗೋ ಟು 'ನೇರ ಗುರಿ' ಎಂದಾಗಲಿ. 'ವಾಪಸ್' ಬದಲು 'ಮರಳು' ಎಂದು ಬರೆಯಬಾರದೇ ಎಂದು ಒಬ್ಬ ಹಿರಿಯರು ಕೇಳಿದರು. ವಾಕ್ಯದೊಳಗೆ ಅದು ಸೊಗಸಾದ ಪದ, ಗುಂಡಿಯ ಹೆಸರಾಗಿ ಒಂಟಿಯಾಗಿ ನಿಂತರೆ ಮಾತ್ರ ಓದುಗರು ಹೊಳೆಯ ಮರಳನ್ನು ನೆನೆದಾರು. ನಮ್ಮ ಕಡೆ ಅದನ್ನು ಉಸುಕು ಎನ್ನುವುದರಿಂದ ಇಲ್ಲಿಯವರಿಗೆ ಆ ತೊಂದರೆ ಕಡಿಮೆ ಎಂಬುದೂ ನಿಜ.

ಮೂರನೆಯದು ಬೇರಿಂಗ್ ಮತ್ತು ಹೆಡಿಂಗ್. ಎರಡಕ್ಕೂ 'ದಿಕ್ಕು' ಎಂದರೆ ಪಾಠವೇ ನಿಂತುಹೋಗುತ್ತದೆ. ನಾನಿರುವಲ್ಲಿಂದ ಗುರಿ ಇರುವ ಕಡೆಗೆ, ಉತ್ತರದಿಂದ ಬಲಕ್ಕೆ ಅಳೆದ ಕೋನ ಬೇರಿಂಗ್. ಈಗ ನಾನು ಸಾಗುತ್ತಿರುವ ಕಡೆಯ ಕೋನ ಹೆಡಿಂಗ್. ಎರಡೂ ಒಂದೇ ಅಂಕಿಯನ್ನು ತೋರಿಸುವಂತೆ ತಿರುಗಿ ನಡೆದರೆ ಗುರಿ ಮುಟ್ಟುತ್ತೇವೆ. ಬೇರಿಂಗ್‌ಗೆ ಖಗೋಳಶಾಸ್ತ್ರದ ಹಳೆಯ ಪದವಾದ 'ದಿಗಂಶ' ಸಿದ್ಧವಾಗಿಯೇ ಇದೆ, ಅರ್ಥವೂ ಹೊಂದುತ್ತದೆ. ಹೆಡಿಂಗ್‌ಗೆ 'ಮುಖ' ಎಂಬುದು ಮೊದಲು ಹೊಳೆಯುವ ಪದ. 'ಪೂರ್ವಕ್ಕೆ ಮುಖ ಮಾಡಿ' ಎನ್ನುತ್ತೇವಲ್ಲವೇ? ಆದರೆ ಕಾಂತೀಯ ದಿಕ್ಸೂಚಿಯನ್ನು ಒಳಗೊಳ್ಳದ ಕಡಿಮೆ ಬೆಲೆಯ ಸಾಧನಕ್ಕೆ ನಮ್ಮ ಮುಖ ಯಾವ ಕಡೆಗಿದೆ ಎಂಬುದು ತಿಳಿಯುವುದೇ ಇಲ್ಲ. ಒಂದು ಕ್ಷಣ ಎಲ್ಲಿದ್ದೆ, ಮರುಕ್ಷಣ ಎಲ್ಲಿದ್ದೇನೆ ಎಂಬ ವ್ಯತ್ಯಾಸದಿಂದ ಮಾತ್ರ ಅದು ದಿಕ್ಕನ್ನು ಊಹಿಸುತ್ತದೆ. ನಿಂತಲ್ಲಿ ನಿಂತರೆ ಬಾಣ ಹುಚ್ಚುಹುಚ್ಚಾಗಿ ತಿರುಗುತ್ತದೆ, ಸಾಧನ ಕೆಟ್ಟಿದೆ ಎಂದು ಹೊಸಬರು ಅದನ್ನು ಬಡಿಯುತ್ತಾರೆ. 'ಸಾಗುದಿಕ್ಕು' ಎಂದು ಹೆಸರಿಟ್ಟರೆ ಸಾಗದೆ ದಿಕ್ಕಿಲ್ಲ ಎಂಬ ಎಚ್ಚರಿಕೆ ಹೆಸರಿನೊಳಗೇ ಸೇರಿಕೊಳ್ಳುತ್ತದೆ.

ಅಕ್ಷಾಂಶ, ರೇಖಾಂಶಗಳ ವಿಷಯದಲ್ಲಿ ತಕರಾರಿಲ್ಲ. ಅವುಗಳ ಭಾಗಗಳನ್ನು ಡಿಗ್ರಿ, ನಿಮಿಷ, ಸೆಕೆಂಡ್ ಎನ್ನಬೇಕೋ ಅಂಶ, ಕಲೆ, ವಿಕಲೆ ಎನ್ನಬೇಕೋ ಎಂಬುದಷ್ಟೇ ಪ್ರಶ್ನೆ. ಹಳೆಯ ಪದಗಳ ಬಗೆಗೆ ನನಗೆ ಪ್ರೀತಿಯಿದ್ದರೂ ಇಲ್ಲಿ ನಿಮಿಷ, ಸೆಕೆಂಡುಗಳನ್ನೇ ಉಳಿಸಿದ್ದೇನೆ, ಏಕೆಂದರೆ ಬರೆದುಕೊಳ್ಳುವಾಗ ಆಗುವ ಗೊಂದಲ ಬೇರೆಯದೇ ಇದೆ. ಕಲಬುರಗಿಯ ಆಸುಪಾಸಿನ ಅಕ್ಷಾಂಶವನ್ನು ಸಾಧನವು 17 ಡಿಗ್ರಿ 20.5 ನಿಮಿಷ ಎಂದು ತೋರಿಸಿದರೆ ಅದು 20 ನಿಮಿಷ 30 ಸೆಕೆಂಡ್. ಅದನ್ನೇ 20 ನಿಮಿಷ 50 ಸೆಕೆಂಡ್ ಎಂದು ಬರೆದುಕೊಂಡರೆ, ಒಂದು ಸೆಕೆಂಡಿಗೆ ಸುಮಾರು 31 ಮೀಟರಿನಂತೆ, ಜಾಗವು 600 ಮೀಟರಿಗೂ ಮೀರಿ ಉತ್ತರಕ್ಕೆ ಸರಿದುಹೋಗುತ್ತದೆ.

ಪರದೆಯ ಮೂಲೆಯಲ್ಲಿ ಕಾಣುವ 'ಆ್ಯಕ್ಯುರಸಿ 5 ಮೀಟರ್' ಎಂಬುದನ್ನು 'ನಿಖರತೆ 5 ಮೀಟರ್' ಎಂದು ಬರೆಯುವ ವಾಡಿಕೆಯನ್ನು ನಾನು ಒಪ್ಪುವುದಿಲ್ಲ. ಅಂಕಿ ಹೆಚ್ಚಾದಷ್ಟೂ ನಿಖರತೆ ಹೆಚ್ಚಿತು ಎಂದೇ ಕನ್ನಡದ ಓದುಗ ತಿಳಿಯುತ್ತಾನೆ, ವಾಸ್ತವ ಅದಕ್ಕೆ ವಿರುದ್ಧ. 2000ನೇ ಇಸವಿಯ ಮೇ ತಿಂಗಳಲ್ಲಿ ಅಮೆರಿಕದ ಸರಕಾರವು ನಾಗರಿಕರ ಸಂಕೇತಗಳಲ್ಲಿ ಬೇಕೆಂದೇ ಸೇರಿಸುತ್ತಿದ್ದ ದೋಷವನ್ನು ನಿಲ್ಲಿಸಿತು; ಅದಕ್ಕೆ ಮೊದಲು ನೂರು ಮೀಟರಿನವರೆಗೂ ಇರುತ್ತಿದ್ದ ತಪ್ಪು ಈಗ ಬಯಲಿನಲ್ಲಿ ಕೆಲವೇ ಮೀಟರುಗಳಿಗೆ ಇಳಿದಿದೆ. ಬೀದರ್ ಕೋಟೆಯ ಎತ್ತರದ ಗೋಡೆಗಳ ಮಗ್ಗುಲಲ್ಲಿ ಸಂಕೇತಗಳು ತಡೆದು ಪ್ರತಿಫಲಿಸುವುದರಿಂದ ಅದು ಮತ್ತೆ ಏರುತ್ತದೆ. ಈ ಅಂಕಿ ಹೇಳುವುದು ಖೂನದ ಜಾಗ ಬಹುಮಟ್ಟಿಗೆ ಇಷ್ಟು ಮೀಟರ್ ತ್ರಿಜ್ಯದ ವೃತ್ತದೊಳಗೆ ಎಲ್ಲಿಯೋ ಇದೆ ಎಂದು. ನಮ್ಮ ಕಡೆಯ 'ಆಜೂಬಾಜೂ' ಎಂಬ ಮಾತು ಇದನ್ನೇ ಹೇಳುತ್ತದೆ. 'ಆಜೂಬಾಜೂ 5 ಮೀಟರ್' ಎಂದು ಓದಿದವರು ಬಾಣ ನಿಂತ ಕಡೆಯೇ ನೆಲ ನೋಡುತ್ತಾ ನಿಲ್ಲದೆ ಸುತ್ತಲೂ ಹುಡುಕುತ್ತಾರೆ. ಗ್ರಂಥಸ್ಥ ಕನ್ನಡದಲ್ಲಿ ಬೇಕೆಂದರೆ 'ತಪ್ಪಿನ ಮಿತಿ' ಎನ್ನಬಹುದು.

ಅಕ್ಷಾಂಶ, ರೇಖಾಂಶಗಳನ್ನು ಭೂಮಿಯ ಯಾವ ಆಕಾರವನ್ನು ಆಧರಿಸಿ ಎಣಿಸಿದೆ ಎಂಬುದನ್ನು ಹೇಳುವ ಡೇಟಮ್ ಎಂಬ ಪದಕ್ಕೆ ನನ್ನಲ್ಲಿ ಒಪ್ಪುವ ಪದವಿಲ್ಲ. ಭಾರತೀಯ ಸರ್ವೇಕ್ಷಣೆಯ ಹಳೆಯ ನಕಾಶೆಗಳು ಜಾರ್ಜ್ ಎವರೆಸ್ಟ್ ಲೆಕ್ಕಹಾಕಿದ ಭೂಗೋಲದ ಆಕಾರವನ್ನು ಆಧರಿಸಿವೆ. ಜಿಪಿಎಸ್ ಬಳಸುವುದು ಡಬ್ಲ್ಯೂಜಿಎಸ್ 84 ಎಂಬ ಬೇರೊಂದು ಆಕಾರವನ್ನು. ಹಳೆಯ ನಕಾಶೆಯಿಂದ ತೆಗೆದ ಅಂಕಿಗಳನ್ನು ಹಾಗೆಯೇ ಸಾಧನಕ್ಕೆ ಕೊಟ್ಟರೆ ನಮ್ಮ ಭಾಗದಲ್ಲಿ ಜಾಗವು ನೂರು ಮೀಟರಿಗೂ ಹೆಚ್ಚು ತಪ್ಪುತ್ತದೆ. 'ಆಧಾರಮಾನ' ಎಂದು ಸದ್ಯಕ್ಕೆ ಬರೆದಿದ್ದೇನೆ. ಎವರೆಸ್ಟ್ ಮುನ್ನಡೆಸಿದ, ತ್ರಿಕೋನಗಳ ಲೆಕ್ಕದಿಂದ ಭಾರತವನ್ನು ಅಳೆದ ಮಹಾ ತ್ರಿಕೋನಮಿತಿ ಸರ್ವೆಯವರು 1841ರಲ್ಲಿ ಬೀದರಿನ ಬಳಿ ಒಂದು ಆಧಾರ ರೇಖೆಯನ್ನು, ಅಂದರೆ ಆ ಲೆಕ್ಕಕ್ಕೆ ಬುಡವಾಗುವ ಗೆರೆಯನ್ನು, ನೆಲದ ಮೇಲೆ ಅಳೆದಿದ್ದರು; ಎರಡೂ ಪದಗಳು 'ಆಧಾರ'ದಿಂದಲೇ ಶುರುವಾದರೆ ಸರ್ವೆಯ ಇತಿಹಾಸ ಓದುವವರು ಇದನ್ನು ಅದೆಂದು ತಿಳಿಯಬಹುದೆಂಬ ಶಂಕೆ ನನ್ನದು.

ತಮ್ಮಿಂದ ನಾನು ತಿಳಿಯಬಯಸುವುದು ಮುಖ್ಯವಾಗಿ ಎರಡು ಸಂಗತಿಗಳನ್ನು. 'ಖೂನ' ಎಂಬ ಪದ ಧಾರವಾಡ, ಬೆಳಗಾವಿಗಳ ಆಚೆಗೆ, ಅಂದರೆ ಶಿವಮೊಗ್ಗ, ಹಾಸನ, ಕರಾವಳಿಗಳಲ್ಲಿ, ವಿವರಣೆಯಿಲ್ಲದೆ ಅರ್ಥವಾಗುತ್ತದೆಯೇ? ಆಗದಿದ್ದರೆ, ಮತ್ತೆ ಬಂದು ಹುಡುಕಲೆಂದು ಬಿಟ್ಟ ಗುರುತಿಗೆ ಅಲ್ಲಿಯ ಬೇಟೆಗಾರರು, ಜೇನು ಕೀಳುವವರು, ಮೀನುಗಾರರು ಯಾವ ಪದ ಬಳಸುತ್ತಾರೆ? ಎರಡನೆಯದಾಗಿ, ಬೀದರಿನ ನೌಬಾದಿನಲ್ಲಿ ನೆಲದಡಿಯ ಕರೇಜ್ ಕಾಲುವೆಯ ಮೇಲೆ ಸಾಲಾಗಿ ಕಾಣುವ ಬಾವಿಬಾಯಿಗಳನ್ನು ಒಂದೊಂದಾಗಿ ಗುರುತಿಸಿದಾಗ ಸಿಗುವ ಬಿಂದುಗಳ ಸಾಲು ಯಾರೂ ನಡೆದ ಜಾಡಲ್ಲ, ನಡೆಯಬೇಕಾದ ದಾರಿಯೂ ಅಲ್ಲ. ಅಂಥ ಸಾಲನ್ನು ಕೈಪಿಡಿಯಲ್ಲಿ ಏನೆಂದು ಕರೆಯುವುದು ಸೂಕ್ತ?