ಓದುಗರ ಸ್ಪಂದನ: 'ಅಲ್ಲಿಯೂ ಸಲ್ಲುವರು' ಎಂದರೆ ಎಲ್ಲಿ?

(ತೀರಿಕೊಂಡ ತಮ್ಮ ತಂದೆಯವರ ಶಿವಗಣಾರಾಧನೆಯ ಕಾರ್ಡಿನಲ್ಲಿ 'ಮರ್ತ್ಯಲೋಕವೆಂಬುದು ಕರ್ತಾರನ ಕಮ್ಮಟವಯ್ಯಾ, ಇಲ್ಲಿ ಸಲ್ಲುವರು ಅಲ್ಲಿಯೂ ಸಲ್ಲುವರಯ್ಯಾ' ಎಂಬ ಬಸವಣ್ಣನವರ ವಚನವಿತ್ತು. ದೇವಲೋಕ ಮರ್ತ್ಯಲೋಕ ಬೇರಿಲ್ಲ ಎಂದವರೂ ಅವರೇ. ಹಾಗಾದರೆ ಈ 'ಅಲ್ಲಿ' ಎಲ್ಲಿ ಎಂದು ಓದುಗರೊಬ್ಬರು ಕೇಳಿದ್ದರು.)

ಕಮ್ಮಟವೆಂದರೆ ಟಂಕಸಾಲೆ. 12ನೇ ಶತಮಾನದ ಕಲ್ಯಾಣದಲ್ಲಿ ದೊರೆ ಬಿಜ್ಜಳನ ಭಂಡಾರ ನೋಡಿಕೊಂಡ ಬಸವಣ್ಣನವರಿಗೆ ನಾಣ್ಯದ ಒಳಹೊರಗು ಚೆನ್ನಾಗಿ ಗೊತ್ತಿತ್ತು. ಲೋಹ ಕಾಯಬೇಕು, ತೂಕಕ್ಕೆ ಬರಬೇಕು, ಅಚ್ಚಿನ ಏಟು ತಿನ್ನಬೇಕು. ಹಾಗೆ ಹೊರಬಿದ್ದದ್ದು ಯಾವ ಪೇಟೆಯಲ್ಲಿಯೂ ಸಲ್ಲುತ್ತದೆ, ಅಂದರೆ ನಡೆಯುತ್ತದೆ. ಹುಟ್ಟಿದ ನಾವು ಏಟು ತಿನ್ನುವ ಜಾಗ ಈ ಲೋಕ. ಆಚೆಯ ಪೇಟೆ ಹೇಗಿದೆಯೆಂದು ವಚನ ಒಂದು ಮಾತೂ ಹೇಳುವುದಿಲ್ಲ, ಗಮನಿಸಿ. ವೈತರಣಿಯಿಲ್ಲ, ಚಿತ್ರಗುಪ್ತನ ಕಡತವಿಲ್ಲ, ಎರಡನೆಯ ಪರೀಕ್ಷೆಯೂ ಇಲ್ಲ. 'ಆಚಾರವೇ ಸ್ವರ್ಗ, ಅನಾಚಾರವೇ ನರಕ' ಎಂಬ ಇನ್ನೊಂದು ವಚನವನ್ನು ಪಕ್ಕದಲ್ಲಿಟ್ಟು ಓದಿದರೆ ಎರಡಕ್ಕೂ ಜಗಳವಿಲ್ಲ. ಜನಕ್ಕೆ ರೂಢಿಯಾಗಿದ್ದ ಇಹಪರದ ಮಾತಿನಲ್ಲೇ ಒಂದು ಶುರುವಾಗುತ್ತದೆ. ಇನ್ನೊಂದು ನಡುವಿನ ಗೋಡೆಯನ್ನೇ ಕೆಡವುತ್ತದೆ.
– ನಿವೃತ್ತ ಕನ್ನಡ ಅಧ್ಯಾಪಕಿ, ಗದಗ

'ಅಲ್ಲಿ' ಎಂಬುದನ್ನು ಅಷ್ಟು ಸಲೀಸಾಗಿ ಅಳಿಸಲು ನಾನು ಒಪ್ಪುವುದಿಲ್ಲ. ಮತ್ತೆ ಮತ್ತೆ ಹುಟ್ಟುವ ಭವದಿಂದ ಬಿಡುಗಡೆ ಬೇಡಿದವರು ಶರಣರು. ಸಾವನ್ನು ಲಿಂಗೈಕ್ಯ, ಅಂದರೆ ಲಿಂಗದಲ್ಲಿ ಒಂದಾಗುವುದು, ಎಂದು ಕರೆದ ಪರಂಪರೆ ಇದು. ಇಂದಿನವರಿಗೆ ಹಿಡಿಸಲೆಂದು ಬಸವಣ್ಣನವರನ್ನು ಬರೀ ನೀತಿಪಾಠದ ಮೇಷ್ಟರನ್ನಾಗಿ ಮಾಡುವುದು ಅನ್ಯಾಯ. ಈ 'ಅಲ್ಲಿ' ಇಂದ್ರನ ಅಮರಾವತಿಯಲ್ಲ ನಿಜ. ಆದರೆ ಕರ್ತಾರನ ಸನ್ನಿಧಿ ಎಂದು ಓದಲು ಏನಡ್ಡಿ? ಕಮ್ಮಟ ಅವನದೇ ತಾನೆ?
– ಓದುಗರು, ಬೆಳಗಾವಿ

ತಮ್ಮಾ, ವಾದ ಹಾಗಿರಲಿ. ಸಮಾಧಿಯಲ್ಲಿ ಕೂಡಿಸಿದ ಅಪ್ಪನ ಸುತ್ತ ವಿಭೂತಿ, ಬಿಲ್ವಪತ್ರೆ ತುಂಬಿ ಬಂದ ಮಗನಿಗೆ ಈಗ ವ್ಯಾಖ್ಯಾನಕ್ಕಿಂತ ಧೈರ್ಯ ಬೇಕು. 'ನಾಳೆ ಬಪ್ಪುದು ನಮಗಿಂದೇ ಬರಲಿ, ಇಂದು ಬಪ್ಪುದು ನಮಗೀಗಲೇ ಬರಲಿ' ಎಂಬ ವಚನವನ್ನು ಗಟ್ಟಿಯಾಗಿ ಓದಿಕೊಳ್ಳಿ. ಸಾವನ್ನು ಬಾಗಿಲಿಗೇ ಕರೆಯುವ ಆ ದಿಟ್ಟತನ ನನ್ನನ್ನು ಎಷ್ಟೋ ರಾತ್ರಿ ಕಾಪಾಡಿದೆ.

ಇನ್ನೊಂದು ಮಾತು. ನೀವು ಬರೆದು ಕಳಿಸಿದ್ದು ಅರ್ಧ ವಚನ. ಮುಂದಿನ ಸಾಲು 'ಇಲ್ಲಿ ಸಲ್ಲದವರು ಅಲ್ಲಿಯೂ ಸಲ್ಲರಯ್ಯಾ'. ನಾನು ಕಂಡ ಕಾರ್ಡುಗಳಲ್ಲೆಲ್ಲ ಇದೇ ಸಾಲಿಗೆ ಕತ್ತರಿ. ಅದು ಸತ್ತವರಿಗಿಂತ ಓದುವವರನ್ನು ಚುಚ್ಚುತ್ತದಲ್ಲ! ವರ್ಷದ ಪುಣ್ಯಸ್ಮರಣೆಗೆ ಕಾರ್ಡು ಮಾಡಿಸಿದರೆ ಪೂರ್ತಿ ವಚನ ಹಾಕಿಸಿ. ಜಾಗ ಸಾಲದಿದ್ದರೆ ಕೆಳಗಿನ ಬಂಧುಗಳ ಪಟ್ಟಿಯನ್ನು ಮೊಟಕು ಮಾಡಿ.
– ಗೃಹಿಣಿ, ದಾವಣಗೆರೆ