ಪದಚರ್ಚೆ: ಮಿದುಳಿನ ಅಳತೆಯಲ್ಲಿ ಬೆರೆಯುವ ‘ಫಿಸಿಯಲಾಜಿಕಲ್ ನಾಯ್ಸ್’ಗೆ ಕನ್ನಡವೇನು?

ಮಾನ್ಯರೇ,
ಕಾಂತಕ್ಷೇತ್ರದ ಯಂತ್ರದಿಂದ ಮಿದುಳಿನ ಕೆಲಸವನ್ನು ಅಳೆಯುವ ಎಫ್‌ಎಂಆರ್‌ಐ ಅಧ್ಯಯನವೊಂದರಲ್ಲಿ ಪಾಲ್ಗೊಳ್ಳುವವರಿಗಾಗಿ ಒಪ್ಪಿಗೆ ಪತ್ರವನ್ನು ಕನ್ನಡಿಸುತ್ತಿದ್ದೇನೆ. ಸೋಮವಾರ ಅಚ್ಚಿಗೆ ಕೊಡಬೇಕು. ಈ ವಿಧಾನವು ನರಕೋಶಗಳ ಕೆಲಸವನ್ನು ನೇರವಾಗಿ ಅಳೆಯದೆ ರಕ್ತದಲ್ಲಿನ ಆಮ್ಲಜನಕದ ಬದಲಾವಣೆಯನ್ನು ಹಿಡಿಯುವುದರಿಂದ, ಉಸಿರಾಡುವಾಗ ಎದೆ ಅಲುಗಿ ಕಾಂತಕ್ಷೇತ್ರ ತುಸು ಬದಲಾಗುವುದು, ಉಸಿರು ಬಿಗಿಹಿಡಿದಾಗ ಇಂಗಾಲದ ಡೈಆಕ್ಸೈಡ್ ಹೆಚ್ಚಿ ರಕ್ತನಾಳಗಳು ಹಿಗ್ಗುವುದು, ಪ್ರತಿ ಎದೆಬಡಿತಕ್ಕೂ ಮಿದುಳಿನ ಬುಡದ ನಾಳಗಳು ಮಿಡಿಯುವುದು, ಎಲ್ಲವೂ ಅಳತೆಯೊಳಗೆ ಸೇರಿಬಿಡುತ್ತವೆ. ಇದನ್ನು ‘ಶಾರೀರಿಕ ಗದ್ದಲ’ ಎಂದು ಬರೆದು ನಮ್ಮ ಅತ್ತೆಯವರಿಗೆ ಓದಲು ಕೊಟ್ಟೆ. “ಅಂದರ ಹೊಟ್ಟಿ ಗುರ್ ಅನ್ನೂದೇನ?” ಎಂದು ಕೇಳಿದರು. ಬೇರೆ ಪದವನ್ನು ದಯವಿಟ್ಟು ಸೂಚಿಸಿ.
— ವಿಜಯಪುರದಿಂದ

ಗದ್ದಲ, ಸದ್ದು, ಶಬ್ದ, ಯಾವುದೂ ಸಲ್ಲದು. ಆ ಯಂತ್ರವೇ ಕಿವಿ ಮುಚ್ಚಿಕೊಳ್ಳುವಷ್ಟು ಸದ್ದು ಮಾಡುತ್ತದೆ. ಓದುವವರು ಅದನ್ನೇ ತಿಳಿಯುತ್ತಾರೆ. ‘ಶಾರೀರಿಕ’ವಂತೂ ಬೇಡವೇ ಬೇಡ. ಅಚ್ಚಗನ್ನಡದ ‘ಒಡಲು’ ಇರುವಾಗ ಸಂಸ್ಕೃತದ ಬಾಗಿಲಿಗೆ ಏಕೆ ಹೋಗಬೇಕು? ‘ಒಡಲಬೆರಕೆ’ ಎಂದು ಬರೆಯಿರಿ. ಎರವಲಿನ ಚಟ ಬಿಡದೆ ಕನ್ನಡದಲ್ಲಿ ವಿಜ್ಞಾನ ಬೆಳೆಯುವುದಿಲ್ಲ.
— ಬಾಗಲಕೋಟೆಯಿಂದ

ಸದ್ದಿನ ಪದಗಳನ್ನು ತಳ್ಳಿಹಾಕಿದ್ದು ಸರಿ. ಆದರೆ ‘ಒಡಲು’ ಎಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಹೊಟ್ಟೆಯೇ. ಆ ತಾಯಿಯ ಪ್ರಶ್ನೆಗೆ ಮತ್ತೆ ಅದೇ ಉತ್ತರ ಕೊಟ್ಟಂತಾಗುತ್ತದೆ. ‘ಬೆರಕೆ’ಯ ಪಕ್ಕದಲ್ಲೇ ‘ಬೆರಕಿ’ ಎಂಬ ಬೈಗುಳವಿದೆ. ಅದಕ್ಕಿಂತ ಮುಖ್ಯವಾಗಿ, ಕಲಬೆರಕೆ, ಕಲ್ಮಶ ಮುಂತಾದವು ಉಸಿರನ್ನೇ ತಪ್ಪಿತಸ್ಥನನ್ನಾಗಿ ಮಾಡುತ್ತವೆ. ರಕ್ತನಾಳಗಳು ಎಷ್ಟು ಹಿಗ್ಗಬಲ್ಲವು ಎಂದು ತಿಳಿಯಲು ಸಂಶೋಧಕರು ಬೇಕೆಂದೇ ಉಸಿರು ಬಿಗಿಹಿಡಿಸುವುದೂ ಉಂಟು. ಆಗ ಅದೇ ಏರಿಳಿತ ಅವರಿಗೆ ಬೇಕಾದ ಕಾಳಾಗುತ್ತದೆ, ಹೊಟ್ಟಲ್ಲ. ಪರಿಭಾಷೆಯಾಗಿ ‘ದೈಹಿಕ ಏರುಪೇರು’ ಸಾಕು.

ವೇಗದ ಏರಿಳಿತವು ನಿಧಾನದ್ದಾಗಿ ಕಾಣುವ ‘ಏಲಿಯಾಸಿಂಗ್’ ಎಂಬ ಇನ್ನೊಂದು ಪದವನ್ನೂ ಪರಿಗಣಿಸಬೇಕೆಂದು ನನ್ನ ಕೋರಿಕೆ. ನಿಮಿಷಕ್ಕೆ 66 ಬಾರಿ ಬಡಿಯುವ ಎದೆಯನ್ನು 2 ಸೆಕೆಂಡಿಗೊಮ್ಮೆ ಮಾತ್ರ ಅಳೆದರೆ, ಅದು 10 ಸೆಕೆಂಡಿಗೊಮ್ಮೆ ಏರಿಳಿಯುವ ನಿಧಾನದ ಅಲೆಯಾಗಿ ಕಾಣುತ್ತದೆ. ವಿಶ್ರಾಂತಿಯಲ್ಲಿರುವ ಮಿದುಳಿನಲ್ಲಿ ಹುಡುಕುವುದೂ ಅಂಥ ನಿಧಾನದ ಅಲೆಗಳನ್ನೇ ಆದ್ದರಿಂದ ಎರಡನ್ನೂ ಬೇರ್ಪಡಿಸುವುದು ಕಷ್ಟ. ಬೆರಳಿಗೆ ನಾಡಿಮಾಪಕವನ್ನೂ ಹೊಟ್ಟೆಗೆ ಪಟ್ಟಿಯನ್ನೂ ಕಟ್ಟಿ, ಬಡಿತ ಮತ್ತು ಉಸಿರನ್ನು ಬೇರೆಯಾಗಿ ದಾಖಲಿಸಿ, ಬಳಿಕ ಲೆಕ್ಕದಿಂದ ಕಳೆಯುವುದು ಇದಕ್ಕಾಗಿಯೇ. ಈ ‘ಏಲಿಯಾಸಿಂಗ್’ಗೆ ಬಯಲಾಟದವರ ‘ಸೋಗು’ ಎಂಬ ಮಾತು ಚೆನ್ನಾಗಿ ಹೊಂದುತ್ತದೆ: ವೇಗದ ಬಡಿತವು ನಿಧಾನದ ಅಲೆಯ ಸೋಗು ಹಾಕಿಕೊಂಡು ಬರುತ್ತದೆ.

ಎರವಲಿನ ಮಾತಿಗೆ ಒಂದೇ ಉತ್ತರ. ಈ ಪತ್ರ ಓದುವವರು ಬರುವುದು ‘ದವಾಖಾನೆ’ಗೆ, ಆ ಪದ ಪಾರಸಿಯದು. ‘ರಕ್ತ’ ಸಂಸ್ಕೃತವೆಂದು ‘ನೆತ್ತರು’ ಬರೆದರೆ ಓದುವವರು ಹೆದರುತ್ತಾರೆ.
— ಬೆಳಗಾವಿಯಿಂದ

‘ದೈಹಿಕ’ ಸಂಸ್ಕೃತವಲ್ಲವೇ? ಒಪ್ಪುವುದಿಲ್ಲ. ‘ಸೋಗು’ ಮಾತ್ರ ಒಪ್ಪಿದೆ.
— ಬಾಗಲಕೋಟೆಯಿಂದ

ಇಬ್ಬರಿಗೂ ವಂದನೆಗಳು. ಪತ್ರದಲ್ಲಿ ನಾಮಪದವನ್ನೇ ಬಿಟ್ಟು ಹೀಗೆ ಬರೆದೆ: “ನಿಮ್ಮ ಉಸಿರಾಟ ಮತ್ತು ಎದೆಬಡಿತದಿಂದಲೂ ಅಳತೆಯಲ್ಲಿ ಏರುಪೇರಾಗುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಬೆರಳಿಗೂ ಹೊಟ್ಟೆಗೂ ಉಪಕರಣ ಕಟ್ಟುತ್ತೇವೆ. ನೀವು ಸಹಜವಾಗಿ ಉಸಿರಾಡಿರಿ.” ಅತ್ತೆಯವರು ಓದಿ, ಬೆರಳಿಗೆ ಕಟ್ಟುವುದು ನೋಯುತ್ತದೆಯೇ ಎಂದು ಕೇಳಿದರು, ನೋಯುವುದಿಲ್ಲವೆಂಬ ಮಾತನ್ನೂ ಸೇರಿಸಿದ್ದೇನೆ.
— ವಿಜಯಪುರದಿಂದ