‘ನ್ಯೂ ಲಿಬರಲ್ ಕ್ಲಬ್’ಗೆ ಕನ್ನಡದಲ್ಲಿ ಏನಂತೀರಿ? (ಸ್ವಲ್ಪ ಅರ್ಜೆಂಟು)

ಎಲ್ಲರಿಗೂ ನಮಸ್ಕಾರ. ಜಪಾನಿನ ರಾಜಕೀಯದ ಬಗ್ಗೆ ಒಂದು ಬರಹ ಅನುವಾದ ಮಾಡುತ್ತಿದ್ದೇನೆ, ಇವತ್ತು ರಾತ್ರಿಯೊಳಗೆ ಕಳಿಸಬೇಕು. ಒಂದು ಹೆಸರಿನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. 1976ರಲ್ಲಿ ಅಮೆರಿಕದ ವಿಮಾನ ಕಂಪನಿ ಲಾಕ್‌ಹೀಡ್‌ನ ಲಂಚದ ಹಗರಣ ಎದ್ದಾಗ, ಆಳುತ್ತಿದ್ದ ಲಿಬರಲ್ ಡೆಮಾಕ್ರಟಿಕ್ ಪಕ್ಷ ಬಿಟ್ಟು ಯೋಹೇ ಕೊನೊ ಮತ್ತು ಇನ್ನೈದು ಸಂಸದರು ಕಟ್ಟಿದ ಪಕ್ಷ ಅದು. ಜಪಾನಿ ಹೆಸರು ‘ಶಿನ್ ಜಿಯೂ ಕುರಾಬು’. ನಾನು ‘ನವ ಉದಾರವಾದಿ ಕ್ಲಬ್’ ಅಂತ ಬರೆದಿದ್ದೆ. ಮನೆಯವಳು ಓದಿ, “ಇಸ್ಪೀಟು ಆಡೋರಾ ಇವರು?” ಅಂದಳು.

----

‘ನವ ಉದಾರವಾದ’ ಬೇಡವೇ ಬೇಡ. ಅದು ಸರ್ಕಾರಿ ಕಾರ್ಖಾನೆ ಮಾರುವ, ಸಬ್ಸಿಡಿ ಕಡಿಯುವ ನೀತಿಗೆ ಅಂಟಿಕೊಂಡ ಹೆಸರು. ‘ಹೊಸ ಬಿಡುಗಡೆ ಕೂಟ’ ಅನ್ನಿ. ಓಡು–ಓಟ, ನೋಡು–ನೋಟ, ಕೂಡು–ಕೂಟ. ಅಚ್ಚಗನ್ನಡ ಇರುವಾಗ ಕ್ಲಬ್ ಯಾಕೆ?

----

> ಹೊಸ ಬಿಡುಗಡೆ

ಸಿನಿಮಾನಾ, ಜೈಲಾ? ಮೇಷ್ಟ್ರೇ, ಕೂಟ ಸಂಸ್ಕೃತದಲ್ಲೂ ಇದೆ, ಅಲ್ಲಿ ಮೋಸ ಅಂತಲೂ ಅರ್ಥ. ಕೂಟಸಾಕ್ಷಿ ಕೇಳಿಲ್ವಾ? ಲಂಚದ ಗಲಾಟೆಯಲ್ಲಿ ಹೊರಬಂದವರಿಗೆ ಒಳ್ಳೇ ಹೆಸರು ಕೊಟ್ಟಿರಿ! ಅದೂ ಇರಲಿ, ಪೇಪರ್ ಓದುವವರಿಗೆ ಕೂಟ ಅಂದರೆ ಮೈತ್ರಿಕೂಟ. ಇದೇ ಪಕ್ಷ 1983ರ ಕೊನೆಗೆ ಪ್ರಧಾನಿ ನಕಸೋನೆ ಸರ್ಕಾರದಲ್ಲಿ ಪಾಲುದಾರ ಆಯಿತು. ಆಗ ‘ಕೂಟ ಮೈತ್ರಿಕೂಟ ಸೇರಿತು’ ಅಂತ ಬರೆಯಬೇಕಾ?

----

ಇಬ್ಬರೂ ಮುಖ್ಯವಾದದ್ದು ಬಿಟ್ಟಿರಿ. ತಾಯಿ ಪಕ್ಷದ ಹೆಸರು ‘ಜಿಯೂ ಮಿನ್‌ಶುತೋ’. ಅದರ ‘ಜಿಯೂ’ವನ್ನೇ, ಅಂದರೆ ‘ಲಿಬರಲ್’ ಅನ್ನೇ, ಎತ್ತಿಕೊಂಡು ಮುಂದೆ ‘ಶಿನ್’, ಅಂದರೆ ಹೊಸ, ಸೇರಿಸಿದ್ದಾರೆ. ಅಸಲಿ ಲಿಬರಲ್ ನಾವೇ ಅನ್ನುವ ಚುಚ್ಚು ಅದರಲ್ಲಿದೆ. ಅಪ್ಪನನ್ನು ‘ಲಿಬರಲ್’ ಅಂದು ಮಗನನ್ನು ‘ಬಿಡುಗಡೆ’ ಅಂದರೆ ಆ ನಂಟು ಕಳಚಿಹೋಗುತ್ತದೆ. ‘ತೋ’ ಅಂದರೆ ಪಕ್ಷ. ಅದನ್ನು ಕೈಬಿಟ್ಟು ಕ್ಲಬ್ ಅಂದುಕೊಂಡರು. ಹಾಗಾಗಿ ಹೆಸರಿನೊಳಗೆ ‘ಪಕ್ಷ’ ತುರುಕಬೇಡಿ. ‘ಹೊಸ ಲಿಬರಲ್ ಕ್ಲಬ್’ ಸಾಕು.

----

ಹೀಗೇ ಎಲ್ಲ ಸಾಲ ತಂದರೆ ಕನ್ನಡದಲ್ಲಿ ಉಳಿಯೋದು ವಿಭಕ್ತಿ ಪ್ರತ್ಯಯ ಮಾತ್ರ. ಜಪಾನಿಗರನ್ನು ನೋಡಿ ಕಲಿಯಿರಿ. ಕ್ಲಬ್‌ಗೆ ಅವರು ಮೂರು ಕಾಂಜಿ (ಚೀನೀ ಮೂಲದ ಅಕ್ಷರ) ಹೊಂದಿಸಿದರು: ‘ಕೂಡಿ’, ‘ನಲಿವು’, ‘ವಿಭಾಗ’. ಸದ್ದೂ ಬಂತು, ಅರ್ಥವೂ ಬಂತು.

----

ಮೇಷ್ಟ್ರೇ, ಆ ಕಾಂಜಿ ಈ ಪಕ್ಷದ ಹೆಸರಲ್ಲಿಲ್ಲ. ಹೊರಗಿನ ಪದಗಳಿಗೆ ಬಳಸುವ ಕತಕಾನದಲ್ಲೇ ‘ಕುರಾಬು’ ಬರೆದುಕೊಂಡರು. ಹೊಸದಾಗಿ, ಹಗುರಾಗಿ ಕಾಣಲಿ ಅಂತಲೇ ಇರಬೇಕು. ನಾವು ಅವರಿಗಿಂತ ಮಡಿ ಮಾಡೋದು ಬೇಡ.

----

‘ಹೊಸ ಲಿಬರಲ್ ಕ್ಲಬ್’ ಹಾಕಿದೆ, ಥ್ಯಾಂಕ್ಸ್. ಇನ್ನೊಂದೇ ಒಂದು. 1976ರ ಡಿಸೆಂಬರ್ ಚುನಾವಣೆಯಲ್ಲಿ 17 ಸೀಟು, 1979ರಲ್ಲಿ ಬರೀ 4. ಕೊನೆಗೆ 1986ರಲ್ಲಿ ‘ತಾಯಿ ಪಕ್ಷದಲ್ಲಿ ವಿಲೀನ’ ಅಂತ ಬರೆಯಬಹುದಾ?

----

ಬೇಡ. ಪಕ್ಷ ಮುಚ್ಚಿದ ಮೇಲೆ ಹೆಚ್ಚಿನವರು ವಾಪಸ್ ಹೋದರು, ಕೊನೊ ಜೊತೆ ಪಕ್ಷ ಕಟ್ಟಿದ್ದ ಸೇಯಿಚಿ ತಗಾವಾ ಹೋಗಲಿಲ್ಲ. ‘ವಿಸರ್ಜನೆ’ ಅನ್ನಿ.

----

ವಿಸರ್ಜನೆ ಗಣಪತಿಗೆ. ‘ಮುಚ್ಚಿದರು’ ಅಂತ ನೀವೇ ಬರೆದಿದ್ದೀರಲ್ಲ, ಅದಕ್ಕೇನಾಗಿದೆ?